ನಾಲ್ಕನೆಯವನು

"ಗುರುಗಳೇ, ಕರಿಬಸವನ ಹಾಡನ್ನು ನಾನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಆದರೂ ಅವನು ಬಾಯಿ ತೆರೆದರೆ ನನ್ನ ಹೊಟ್ಟೆ ಯಾಕೆ ಉರಿಯುತ್ತದೆ?" ಎಂದು ಶಿಷ್ಯನೊಬ್ಬ ಕೇಳಿದ. ಕರಿಬಸವ ಅವನ ಜೊತೆಗೇ ಕಲಿಯುವವನು. ಆಗ ಮಠದ ಅಂಗಳದಲ್ಲಿ ಕೂತು ತತ್ವಪದ ಹಾಡುತ್ತಿದ್ದ.

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ, ಒಬ್ಬ ದರ್ಜಿ. ಇಬ್ಬರಿಗೂ ಒಂದೇ ಹುಚ್ಚು. ಹವ್ಯಾಸಿ ರೇಡಿಯೊವನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುವುದು, ತುದಿಯಲ್ಲಿ ತಂತಿ ಎತ್ತಿ ಕಟ್ಟಿ ದೂರದವರನ್ನು ಕರೆಯುವುದು. ಈ ಆಟಕ್ಕೊಂದು ನಿಯಮ. ತುದಿಯಿಂದ ನಾಲ್ವರೊಡನೆ ಮಾತಾದರೆ ಆ ಬೆಟ್ಟ, ಹತ್ತಿದವನ ಹೆಸರಿಗೆ. ಮೂವರಾದರೆ ಹತ್ತಿದ್ದೂ ದಂಡ, ಇಳಿದದ್ದೂ ದಂಡ. ಮಾತೆಂದರೆ ಹರಟೆಯಲ್ಲ. ಇಬ್ಬರೂ ರೇಡಿಯೊದ ತಂತಮ್ಮ ಕರೆಹೆಸರು ಹೇಳಬೇಕು, ಎದುರಿನವನ ದನಿ ಹೇಗೆ ಕೇಳುತ್ತಿದೆ ಎಂದು ತಿಳಿಸಬೇಕು. ಅಷ್ಟಾದರೆ ಲೆಕ್ಕಕ್ಕೆ ಬಂತು.

ವ್ಯಾಪಾರಿಯದು ದೊಡ್ಡ ರೇಡಿಯೊ, ದೊಡ್ಡ ಬಾಯಿ. "ಈ ಸೀಮೆಯಲ್ಲಿ ನಾನು ಕರೆದರೆ ಓ ಅನ್ನದವನಿಲ್ಲ" ಎನ್ನುವನು. ದರ್ಜಿಯದು ಬಿದಿರ ಗಳಕ್ಕೆ ಸುತ್ತಿದ ತಂತಿ. ಆದರೂ ರೇಡಿಯೊದವರೆಲ್ಲ ದರ್ಜಿಯ ದನಿಗೇ ಕಾದು ಕೂರುತ್ತಿದ್ದರು. ಇದು ವ್ಯಾಪಾರಿಯ ಗಂಟಲಲ್ಲಿ ಇಳಿಯಲಿಲ್ಲ.

ಯಾರ ಹೆಸರಿಗೂ ಆಗದ ಬೆಟ್ಟ ಆ ಸೀಮೆಯಲ್ಲಿ ಒಂದೇ ಉಳಿದಿತ್ತು. ಒಂದು ದಿನ ದರ್ಜಿ ಅದನ್ನು ಹತ್ತಿದ. ಸುದ್ದಿ ತಿಳಿದ ವ್ಯಾಪಾರಿ ಎದುರಿನ ಗುಡ್ಡ ಹತ್ತಿ, ರೇಡಿಯೊ ಹಚ್ಚಿ, ತುಟಿ ಬಿಗಿದು ಕೂತ. ದರ್ಜಿ ಸೋಲುವುದನ್ನು ಕಿವಿಯಾರೆ ಕೇಳಬೇಕೆಂಬುದು ಅವನ ಆಸೆ.

ದರ್ಜಿಗೆ ಮೂವರು ಸಿಕ್ಕರು. ಆಮೇಲೆ ಯಾರೂ ಸಿಗಲಿಲ್ಲ. ಕರೆದ, ಮತ್ತೆ ಕರೆದ. ಬ್ಯಾಟರಿ ಮುಗಿಯುತ್ತ ಬಂತು. ವ್ಯಾಪಾರಿಗೆ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ಅವನು ಮಾತಾಡುವ ಗುಂಡಿ ಮುಟ್ಟಲಿಲ್ಲ. ಅವನ ಹೊಟ್ಟೆ ತಣ್ಣಗಾಗುತ್ತಿತ್ತು.

ಕೊನೆಗೆ ದರ್ಜಿ ಹೇಳಿದ: "ಯಾರಾದರೂ ಇದ್ದೀರೇನ್ರಪ್ಪ? ಬೆಳಿಗ್ಗೆ ಕರಾವಳಿಯವರೊಬ್ಬರು ನನ್ನ ದನಿ ಗಂಟೆ ಹೊಡೆದ ಹಾಗಿದೆ ಅಂದರು. ಹತ್ತಿರದವರಿಗೆ ಕೇಳಿಸದೆ ಇರುತ್ತದೆಯೇ?"

ಗಂಟೆ ಎಂಬ ಮಾತು ವ್ಯಾಪಾರಿಯನ್ನು ಚುಚ್ಚಿತು. ಗುಂಡಿ ಒತ್ತಿದ. ರೂಢಿಯಂತೆ ಮೊದಲು ಅವನ ಕರೆಹೆಸರೇ ಬಾಯಿಗೆ ಬಂತು. ಆಮೇಲೆ, "ಗಂಟೆಯಂತೆ ಗಂಟೆ. ಸೊಳ್ಳೆ ಗುಂಯ್ ಅಂದ ಹಾಗಿದೆ ಕಣಯ್ಯ ನಿನ್ನ ದನಿ" ಎಂದ.

ದರ್ಜಿ ತನ್ನ ಕರೆಹೆಸರು ಹೇಳಿದ. "ಸೊಳ್ಳೆಯಾದರೂ ಕೇಳಿತಲ್ಲ ಅಣ್ಣ, ಸಾಕು. ನಿಮ್ಮ ದನಿ ಚೆನ್ನಾಗಿದೆ. ನಾಲ್ಕನೆಯವರು ನೀವೇ" ಎಂದು ತಂತಿ ಸುತ್ತಿಕೊಂಡು ಬೆಟ್ಟ ಇಳಿದ.

ಕತೆ ಕೇಳಿ ಶಿಷ್ಯ ನಕ್ಕುಬಿಟ್ಟ.

"ಶುದ್ಧ ಪೆದ್ದ, ಗುರುಗಳೇ. ನಾನಾಗಿದ್ದರೆ ಪ್ರಾಣ ಹೋದರೂ ಬಾಯಿ ಬಿಡುತ್ತಿರಲಿಲ್ಲ. ನಮ್ಮೂರಿನವರ ಹಟ ನಿಮಗೆ ಗೊತ್ತಿಲ್ಲ."

"ಇರಬಹುದು. ಕರಿಬಸವನ ಹಾಡು ಎಲ್ಲಿಗೆ ಬಂತು?"

"ಕೊನೆಯ ನುಡಿಗೆ. ಮೊದಲನೆಯದರಲ್ಲೇ ತಾಳ ತಪ್ಪಿದ್ದ."

ಗುರುಗಳು ಹೇಳಿದರು: "ಅವನಿಗೂ ನಾಲ್ಕನೆಯವನು ಸಿಕ್ಕಿದ."