ಮೊಟ್ಟೆ ಇದ್ದರೆ ಗಾಳಿ

ಕೋಳಿ ಫಾರಂ ಸಾವ್ಕಾರ ಕೊಟ್ರಬಸಪ್ಪನ ಪಿಕಪ್ ಬೆಳಿಗ್ಗೆ ಮೊಟ್ಟೆ ಹೊತ್ತು ಪೇಟೆಗೆ ಹೋಗುತ್ತಿತ್ತು. ಸಂಜೆ ಅದೇ ಗಾಡಿ ಕೆಲಸದ ಹೆಂಗಸರನ್ನು ಊರಿಗೆ ಬಿಡುತ್ತಿತ್ತು. ಹೋದ ವರ್ಷ ಅದರ ಕುಲುಕಾಟಕ್ಕೆ ಹಾಲಮ್ಮನ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. "ರಸ್ತೆ ಸರಿ ಇಲ್ಲ, ನಾನೇನ್ ಮಾಡ್ಲಿ?" ಅಂದ ಸಾವ್ಕಾರ.

ಈ ವರ್ಷ ಅದೇ ಕುಲುಕಾಟಕ್ಕೆ ಹತ್ತು ಟ್ರೇ ಮೊಟ್ಟೆ ಒಡೆದವು. ಕೂಸು ಹೋದಾಗ ಬರದ ಬುದ್ಧಿ ಆಗ ಬಂತು. ವಾರದೊಳಗೆ ಏರ್ ಸಸ್ಪೆನ್ಶನ್ ತರಿಸಿದ.

ಡ್ರೈವರೇ ಅಳತೆ ಹಿಡಿದು, ಹಿಂದಿನ ಸ್ಪ್ರಿಂಗ್ ಪ್ಲೇಟು ಬಿಚ್ಚಿ, ಆ ಜಾಗದಲ್ಲಿ ಎರಡು ಗಾಳಿ ಚೀಲ ಕೂರಿಸಿದ. ಸ್ವಿಚ್ ಒತ್ತಿ ಗಾಳಿ ತುಂಬಿದರೆ ಗಾಡಿ ತೊಟ್ಟಿಲಿನ ಹಾಗೆ ಹೋಗುತ್ತಿತ್ತು. ಗಾಳಿ ಇಳಿಸಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು.

"ಮೊಟ್ಟೆ ಇದ್ದರೆ ಮಾತ್ರ ಗಾಳಿ. ಈ ಹೆಂಗಸರಿಗೋಸ್ಕರ ಚೀಲ ಯಾಕೆ ಸವೆಸ್ತೀಯ?" ಎಂದು ಸಾವ್ಕಾರ ಕಟ್ಟಪ್ಪಣೆ ಮಾಡಿದ.

"ಆಗ್ಲಿ ಸಾವ್ಕಾರ್ರೆ," ಅಂದ ಡ್ರೈವರ್.

ಮರುದಿನ ಸಂಜೆ ಗಾಡಿ ಗಾಳಿ ತುಂಬಿಕೊಂಡು, ಮೈ ಎತ್ತಿಕೊಂಡೇ ಗೇಟಿಗೆ ಬಂತು. ಸಾವ್ಕಾರ ಅಡ್ಡ ನಿಂತು ಕೂಗಾಡಿದ. "ಮೊಟ್ಟೆ ಇದ್ದರೆ ಮಾತ್ರ ಅಂದಿರಲಿಲ್ವೇನೋ?"

"ಇದೆಯಲ್ಲ ಸಾವ್ಕಾರ್ರೆ." ಡ್ರೈವರ್ ಹಿಂದಕ್ಕೆ ಕೈ ತೋರಿಸಿದ.

ಹೆಂಗಸರ ನಡುವೆ ಹಾಲಮ್ಮ ಕೂತಿದ್ದಳು. ಈಗ ಮತ್ತೆ ಆರು ತಿಂಗಳ ಬಸುರಿ. ಅವಳ ಅಂಗೈಯಲ್ಲಿ ಒಂದೇ ಒಂದು ಮೊಟ್ಟೆ.

"ಈ ಮೊಟ್ಟೆ ದಿನಾ ಸಂಜೆ ಹೋಗುತ್ತೆ, ಬೆಳಿಗ್ಗೆ ವಾಪಸ್ ಬರುತ್ತೆ," ಅಂದ ಡ್ರೈವರ್.

ಸಾವ್ಕಾರ ಬಗ್ಗಿ ನೋಡಿದ. ಅವನ ಕಣ್ಣು ಮೊಟ್ಟೆ ಬಿಟ್ಟು ಆಚೀಚೆ ಹೋಗಲಿಲ್ಲ. "ಒಡೆದ್ರೆ ಯಾರೋ ಜವಾಬ್ದಾರಿ?"

ಡ್ರೈವರ್ ಗೇರ್ ಹಾಕಿದ.

"ರಸ್ತೆ, ಸಾವ್ಕಾರ್ರೆ."