ಪೈಲ್ವಾನನ ಮಟ್ಟಿ

"ಬುದ್ಧಿ, ನನ್ನ ಹೃದಯದ ಸ್ನಾಯು ದಪ್ಪಗಾಗಿದೆಯಂತೆ. ವಂಶದಲ್ಲಿ ಬಂದ ಕಾಯಿಲೆ, ಮಕ್ಕಳನ್ನೂ ಪರೀಕ್ಷೆ ಮಾಡಿಸು ಅಂತಾರೆ ಡಾಕ್ಟರು. ಆಡಿಕೊಂಡಿರುವ ಮಕ್ಕಳಿಗೆ ಇದನ್ನು ಹೇಳಿ ಯಾಕೆ ಹೆದರಿಸಲಿ?" ಎಂದು ಶಿಷ್ಯ ಪುಟ್ಟಮಾದಪ್ಪ ಕೇಳಿದ.

"ಹೆದರಿಕೆಯನ್ನೆಲ್ಲ ನೀನೊಬ್ಬನೇ ಹೊತ್ತುಕೊಂಡು ತಿರುಗುತ್ತೀಯಾ? ದೊಡ್ಡ ಪೈಲ್ವಾನನೇ ಸರಿ. ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಪೈಲ್ವಾನನಿದ್ದ. ಅವನ ಅಪ್ಪ ಗರಡಿಯಲ್ಲಿ ಸಾಮು ಮಾಡುತ್ತಲೇ ಕುಸಿದು ಸತ್ತಿದ್ದ. ಕೆಲವು ವರ್ಷಗಳ ಮೇಲೆ ಅಣ್ಣನೂ ಹಾಗೆಯೇ ಹೋದ. ಗರಡಿಯಲ್ಲಿ ಸಾವಾದರೆ ಮಟ್ಟಿಗೆ, ಅಂದರೆ ಕುಸ್ತಿ ಆಡುವ ಕೆಮ್ಮಣ್ಣಿಗೆ, ದೋಷ ತಟ್ಟಿತು ಎನ್ನುವುದು ಅಲ್ಲಿಯವರ ನಂಬಿಕೆ. ಎರಡು ಸಲವೂ ಹಳೆಯ ಮಣ್ಣು ತೆಗೆದು, ಹೊಸ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಪೂಜೆ ಮಾಡಿದರು. ಸತ್ತವರ ಎದೆಯೊಳಗೆ ಏನಿತ್ತು ಎಂದು ಯಾರೂ ಕೇಳಲಿಲ್ಲ.

ಒಂದು ದಿನ ಪೈಲ್ವಾನನಿಗೆ ಬಸ್ಕಿ ಹೊಡೆಯುವಾಗ ಎದೆ ಡವಗುಟ್ಟಿ ಕಣ್ಣಿಗೆ ಕತ್ತಲೆ ಬಂತು. ವೈದ್ಯರು ಪರೀಕ್ಷಿಸಿ, "ಹೃದಯದ ಸ್ನಾಯು ದಪ್ಪವಾಗಿದೆ, ಇದು ಅಪ್ಪನಿಂದ ಬಂದದ್ದು. ಸಾಮು ಬಿಡು, ಔಷಧಿ ತಗೋ, ಬದುಕುತ್ತೀಯ. ಮಗನಿಗೆ ಬಂದೇ ಇರಬೇಕೆಂದಿಲ್ಲ, ಬಂದಿಲ್ಲ ಎನ್ನುವ ಹಾಗೂ ಇಲ್ಲ. ಕರೆದುಕೊಂಡು ಬಾ" ಎಂದರು.

ಪೈಲ್ವಾನ ಸಾಮು ಬಿಟ್ಟ. ಊರವರಿಗೆ ಮಂಡಿನೋವು ಎಂದ. ಮಗನನ್ನು ಮಾತ್ರ ಕರೆದೊಯ್ಯಲಿಲ್ಲ. ವಿಷಯ ಹೊರಗೆ ಬಿದ್ದರೆ ಹೆಣ್ಣು ಕೊಡುವವರಿಲ್ಲ ಎಂಬ ಚಿಂತೆ. ಜೊತೆಗೆ, ಗುಂಡುಕಲ್ಲಿನ ಹಾಗಿರುವ ಹುಡುಗನಿಗೆ ಏನಾದೀತು ಎಂಬ ಆಸೆ.

ಆದರೂ ಜೀವ ಕೇಳಬೇಕಲ್ಲ. ದಿನಾ ಗರಡಿಯ ಕಟ್ಟೆಯ ಮೇಲೆ ಕೂತು, ಸಾಮು ಮಾಡುವ ಮಗನ ಉಸಿರಿಗೇ ಕಿವಿಗೊಡುತ್ತಿದ್ದ. ಉಸಿರು ಸ್ವಲ್ಪ ಜೋರಾದರೂ, "ಸಾಕು, ಮೇಲೆ ಬಾರೋ!" ಎಂದು ಎಲ್ಲರೆದುರು ಕೂಗುತ್ತಿದ್ದ. ಜೊತೆಯವರು ನಗುತ್ತಿದ್ದರು.

"ಯಾಕಪ್ಪಾಜಿ, ನನ್ನ ಕೈಲಿ ಆಗಲ್ಲ ಅಂತಾನಾ?" ಎಂದು ಮಗ ಕೇಳಿದ.

ಅಪ್ಪ ಹೇಳಲೆಂದು ಬಾಯಿ ತೆರೆದ. ಧೈರ್ಯ ಸಾಲದೆ ಮುಚ್ಚಿಕೊಂಡ.

ಮಗ ಹಟ ಹಿಡಿದು ಅಂದಿನಿಂದ ಎರಡರಷ್ಟು ಸಾಮು ಮಾಡಿದ. ಒಂದು ಬೆಳಿಗ್ಗೆ ಮಟ್ಟಿಯಲ್ಲೇ ಬಿದ್ದ, ಏಳಲಿಲ್ಲ. ಜನ ಗುದ್ದಲಿ ತಂದರು. "ಮಣ್ಣು ಮುಟ್ಟಬೇಡಿ, ಅದರದೇನೂ ತಪ್ಪಿಲ್ಲ" ಎಂದು ಅಪ್ಪ ಅತ್ತ.

"ಪ್ರೀತಿಯಿಂದ ತಾನೇ ಬುದ್ಧಿ, ಅವನು ಮುಚ್ಚಿಟ್ಟದ್ದು?" ಎಂದು ಪುಟ್ಟಮಾದಪ್ಪ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: "ಪ್ರೀತಿಯೇ ಕಣಪ್ಪಾ, ಆದರೆ ಅಪ್ಪನಿಗೆ ನನ್ನ ಮೇಲೆ ನಂಬಿಕೆಯಿಲ್ಲ ಎಂದುಕೊಂಡೇ ಆ ಹುಡುಗ ಸತ್ತ."