ಗದಿಗೆಪ್ಪ ತೆಗೆದ ಫೋಟೋ

ಬರ್ರಿ ಮಕ್ಕಳಾ, ಹತ್ರ ಬಂದು ಕೂಡ್ರಿ. ಬಾಯಾಗಿನ ಶೇಂಗಾ ಮೊದಲು ನುಂಗ್ರಿ, ನಕ್ಕರ ಗಂಟಲಿಗೆ ಸಿಕ್ಕೀತು.

ಒಂದು ಓಣಿ. ಆ ಓಣಿಯಲ್ಲಿ ಈರವ್ವ. ಆಕೆಗೆ ನೀಲವ್ವ ಅಂತ ಮಗಳು, ಗದಿಗೆಪ್ಪ ಅಂತ ಮಗ. ಮಗಳು ಶಾಣ್ಯಾಕಿ. ಮಗ? ಹೇಳಿದ್ದನ್ನ ಹೇಳಿದ ಹಾಗೇ ಮಾಡಾವ. "ಬಾಗಿಲ ನೋಡಿಕೋ" ಅಂದರೆ ಬಾಗಿಲನ್ನೇ ನೋಡುತ್ತ ಕೂತ. ಹಿತ್ತಲಿಂದ ನಾಯಿ ಬಂದು ರೊಟ್ಟಿ ತಿಂದು ಹೋಯಿತು.

ನೀಲವ್ವನ ಮದುವೆ ಗೊತ್ತಾಯಿತು. ಆ ಓಣಿಯ ಪದ್ಧತಿ ಏನಂದರೆ, ಮದುವೆಯ ಹಂದರಕ್ಕೆ ಮನೆಗೊಂದು ಬಿದಿರ ಗಳ ಬರಬೇಕು. ಗಳ ಬರದಿದ್ದರೆ ಹಂದರ ಇಲ್ಲ, ಹಂದರ ಇಲ್ಲದ ಮನೆಗೆ ಬೀಗರು ಕಾಲಿಡೋದಿಲ್ಲ. ಓಣಿಯೋ, ನಳದ ನೀರಿನ ಪಾಳಿಗೆ ಜಗಳಾಡಿ ಎರಡಾಗಿತ್ತು. ಅರ್ಧ ಮಂದಿ ತುಂಗವ್ವನ ಕಡೆ, ಅರ್ಧ ಮಂದಿ ಸಾವಂತ್ರೆವ್ವನ ಕಡೆ. ಆಕೆ ಬಂದಲ್ಲಿಗೆ ಈಕೆ ಬರೋದಿಲ್ಲ.

ಈರವ್ವ ತೀರಿಹೋದ ಅಣ್ಣನ ಕ್ಯಾಮೆರಾ ಮಗನ ಕೊರಳಿಗೆ ಹಾಕಿದಳು.

"ಮನೀಮನೀಗೆ ಹೋಗಿ ಎಲ್ಲಾರ ಫೋಟೋ ತೆಗಿ. ಒಂದ ಗಾಜಿನ ಕಟ್ಟಿನಾಗ ಹಾಕಿಸಿ ಹಂದರದಾಗ ತೂಗಹಾಕೂಣು. ತಮ್ಮ ಮಾರಿ ನೋಡಾಕರೆ ಬರ್ತಾರ. ಮೊದಲು 'ನಗ್ರಿ' ಅನ್ನು, ಆಮ್ಯಾಲ ಒತ್ತು."

"ಹೂಂ ಯವ್ವಾ."

ಹೋದ. ತುಂಗವ್ವನ ಎಮ್ಮೆ ಆಗಷ್ಟೇ ಸತ್ತಿತ್ತು, ಮನೆಮಂದಿ ಬೋರಾಡಿ ಅಳುತ್ತಿದ್ದರು.

"ನಗ್ರಿ! ಎಲ್ಲಾರೂ ನಗ್ರಿ! ಯಕ್ಕಾ, ಎಮ್ಮಿ ಕಡೆ ನೋಡಿ ನಗು!"

ತುಂಗವ್ವ ಕಸಬರಿಗೆ ಹಿಡಿದು ಬೆನ್ನು ಹತ್ತಿದಳು. ಓಡಿ ಬಂದ.

"ಮೂಳಾ!" ಈರವ್ವ ಬೈದಳು. "ಅಂಥಲ್ಲಿ 'ಬಂದವರು ಹೋಗಾಕಬೇಕು, ಅಳಬ್ಯಾಡ್ರಿ, ಹೋದದ್ದ ಚಲೋ ಆತು' ಅನ್ನಬೇಕು!"

"ಹೂಂ ಯವ್ವಾ."

ಮತ್ತೆ ಹೋದ. ಸಾವಂತ್ರೆವ್ವನ ಮನೆಗೆ ಹೊಸ ಅಳಿಯ ಬಂದು ಹೋಳಿಗೆಗೆ ಕೂತಿದ್ದ.

"ಬಂದವರು ಹೋಗಾಕಬೇಕು! ಅಳಬ್ಯಾಡ್ರಿ! ಹೋದರ ಚಲೋ!"

ಅಳಿಯ ತಾಟು ಬಿಟ್ಟು ಎದ್ದ. ಸಾವಂತ್ರೆವ್ವ ಲಟ್ಟಣಿಗೆ ಹಿಡಿದು ಬೆನ್ನು ಹತ್ತಿದಳು. ಓಡಿ ಬಂದ.

"ನಿನ್ನ ಬಾಯಿಗೆ ಬೀಗ ಜಡೀಲಿ!" ಈರವ್ವ ಹಣೆ ಬಡಿದುಕೊಂಡಳು. "ತಂಗಿ ಮದುವಿ ಮುರದ ಬಿಡ್ತೀ! ಇನ್ನ ಒಂದು ಮಾತೂ ಆಡಬ್ಯಾಡ. ಸುಮ್ಮನ ಹೋಗು, ಎಲ್ಲಾರ ಮನೀ ಫೋಟೋ ತೆಗದುಕೊಂಡು ಬಾ."

ತುಟಿ ಬಿಗಿಹಿಡಿದು ಹೋದ. ಹೆಂಗಸರು ನಳಕ್ಕೆ, ಗಂಡಸರು ಕೆಲಸಕ್ಕೆ. ಮನೆಮನೆ ಹೊಕ್ಕ, ಗೋಡೆಯ ಮೇಲಿನ ಫೋಟೋ ಎಲ್ಲಾ ತೆಗೆದ! ಮಾಲೆ ಹಾಕಿದ ಮಾವ, ಮದುಮಕ್ಕಳು, ಲಕ್ಷ್ಮಿ, ಗಣಪತಿ, ಎಲ್ಲರನ್ನೂ ಗೋಣಿಚೀಲಕ್ಕೆ ತುಂಬಿ ತಂದು ಅಂಗಳಕ್ಕೆ ಸುರುವಿದ.

"ತೆಗಿ ಅಂದಿ, ತೆಗದೇನಿ."

ಸಂಜೆ ಓಣಿಗೆ ಓಣಿಯೇ ಬಂತು. "ನಮ್ಮ ಮಾವ ಎಲ್ಲಿ?" "ನನ್ನ ಲಕ್ಷ್ಮಿ ಯಾರು ಒಯ್ದರು?" ರಾಶಿ ಕೆದಕುತ್ತ ಕೆದಕುತ್ತ ತುಂಗವ್ವ ಕಣ್ಣರಳಿಸಿದಳು.

"ಏ ಸಾವಂತ್ರೀ, ನಿಮ್ಮ ಅತ್ತಿ ನಮ್ಮ ಅತ್ತಿ ಸೀರಿ ಉಟ್ಟಾಳ!"

"ಯಾರು ಹೇಳ್ಯಾರ? ನಿಮ್ಮತ್ತೀನ ನಮ್ಮದು ಉಟ್ಟಾಳ!"

ಅಷ್ಟರಲ್ಲಿ ಮೂರನೆಯವಳು ತನ್ನ ಅತ್ತೆಯನ್ನು ಎತ್ತಿ ಹಿಡಿದಳು. ಅದೇ ಸೀರೆ! ಅದೇ ಚೌಕಡಿ, ಅದೇ ಅಂಚು!

"ಫೋಟೋ ಹೊಡಸಾಕ ಓಣಿಗೆಲ್ಲಾ ಒಂದ ಸೀರಿ ಇತ್ತೇನ?" ಅಂದಳು ಸಾವಂತ್ರೆವ್ವ. "ಮುದುಕ್ಯಾರು ಸೀರಿಗೆ ಪಾಳಿ ಹಚ್ಚಿದ್ರು ಕಾಣ್ತದ!"

ತುಂಗವ್ವ ನಕ್ಕಳು. ಸಾವಂತ್ರೆವ್ವನೂ ನಕ್ಕಳು. ಈರವ್ವ ಕೂಗಿದಳು: "ಗದಿಗ್ಯಾ, ಈಗ ಕ್ಯಾಮೆರಾ ತಾ! ಎಲ್ಲಾರೂ ಬರಬೇಕು, ಓಣಿಯವರು ಒಬ್ಬರೂ ಬಿಟ್ಟುಹೋಗಬಾರದು!"

ಗದಿಗೆಪ್ಪ ಕ್ಯಾಮೆರಾ ಕಟ್ಟೆಯ ಮೇಲಿಟ್ಟ. ಓಡಿಬಂದು ನಡುವೆ ಎದೆಯುಬ್ಬಿಸಿ ನಿಂತ. "ನಗ್ರಿ!" ಎಲ್ಲರೂ ನಕ್ಕರು. ನಕ್ಕೊಂಡೇ ನಿಂತರು. ಗಲ್ಲ ನೋಯಿತು, ಮಾತಿಗೆ ಮಾತು ಹತ್ತಿತು, ಹೊತ್ತು ಮುಳುಗಿತು.

"ಅಲ್ಲೋ," ಅಂದಳು ತುಂಗವ್ವ, "ನೀ ಇಲ್ಲಿದ್ದರ ಅಲ್ಲಿ ಒತ್ತಾವ ಯಾರೋ?"

"ನಾನೂ ಓಣಿಯವನ ಅಲ್ಲೇನ ಯಕ್ಕಾ?"

ಹಂದರಕ್ಕೆ ಎಲ್ಲಾ ಮನೆಯ ಗಳ ಬಂದವು. ನೀಲವ್ವ ಗಂಡನ ಮನೆ ಸೇರಿ ಸುಖವಾಗಿದ್ದಳು. ತುಂಗವ್ವ ಬೇರೆ ಎಮ್ಮೆ ತಂದು, ಮೊದಲ ಗಿಣ್ಣ ಸಾವಂತ್ರೆವ್ವನ ಮನೆಗೆ ಕೊಟ್ಟಳು. ಸಾವಂತ್ರೆವ್ವನ ಅಳಿಯ ತಿರುಗಿ ಬಂದ, ಆಮೇಲೆ ಹೋಗು ಅಂದರೂ ಹೋಗಲಿಲ್ಲ. ಈರವ್ವ ಖಾಲಿ ಕಟ್ಟನ್ನೇ ಗೋಡೆಗೆ ತೂಗಹಾಕಿದಳು. ಬಂದವರು ಅದಕ್ಕೆ ಬೆರಳಿಟ್ಟು, "ತುಂಗವ್ವನ ಬಾಜೂಕ ನಿಂತಾಕಿ ನಾನು" ಅನ್ನುತ್ತಿದ್ದರು.

ಗದಿಗೆಪ್ಪ? ಒಂದಿನ ಈರವ್ವ, "ಆ ಕಟ್ಟಿನ ಮ್ಯಾಗಿನ ಧೂಳ ತೆಗಿಯೋ" ಅಂದಳು.

ಕ್ಯಾಮೆರಾ ತಂದು ಧೂಳಿನ ಫೋಟೋ ತೆಗೆದ. ಅವ ತೆಗೆದದ್ದು ಅದೊಂದೇ.